ಮನೆಯಲ್ಲಿ ಕಲಿಯುವ ಮಕ್ಕಳು ಮತ್ತು ಸರ್ಕಾರದ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋಂಸ್ಕೂಲಿಂಗ್ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳನ್ನು ಒಟ್ಟಿಗೆ ಓದಿದಾಗ, ಬರೆದವರ ನಿಲುವುಗಳು ಬೇರೆ ಬೇರೆಯಾಗಿದ್ದರೂ ಎಲ್ಲರ ತಳಮಳ ಒಂದೇ ಎಂದು ಕಾಣುತ್ತದೆ. ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ಕುಟುಂಬದ ವಿಷಯದಲ್ಲಿ ಸರ್ಕಾರ ಎಷ್ಟರ ಮಟ್ಟಿಗೆ ಕೈಹಾಕಬಹುದು, ಎಷ್ಟರ ಮಟ್ಟಿಗೆ ಕೈಹಿಡಿಯಬೇಕು ಎಂಬುದೇ ಆ ತಳಮಳ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಇಬ್ಬರು ಮಕ್ಕಳಿಗೆ ನಾನೂ ನನ್ನ ಪತಿಯೂ ಮನೆಯಲ್ಲಿಯೇ ಪಾಠ ಹೇಳುತ್ತಿದ್ದೇವೆ. ನಮ್ಮ ಮಕ್ಕಳಿಗೆ ಏನು ಕಲಿಸಬೇಕೆಂಬುದು ನಮಗಿಂತ ಚೆನ್ನಾಗಿ ಸರ್ಕಾರಕ್ಕೆ ಗೊತ್ತೆ? ನೋಂದಣಿ, ಅನುಮತಿ, ತಪಾಸಣೆ ಎಂದು ಅಧಿಕಾರಿಗಳು ಮನೆಯೊಳಗೆ ಕಾಲಿಡುವುದರಲ್ಲಿ ಯಾವ ನ್ಯಾಯವಿದೆ?

ಉತ್ತರ: ನಿಮ್ಮ ಮಕ್ಕಳ ಸ್ವಭಾವ, ಆಸಕ್ತಿ, ಹಟ, ದಣಿವು ಇವೆಲ್ಲವೂ ಯಾವ ಅಧಿಕಾರಿಗಿಂತಲೂ ನಿಮಗೇ ಹೆಚ್ಚು ತಿಳಿದಿರುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೀವು ನ್ಯಾಯದ ಮಾತೆತ್ತಿರುವುದರಿಂದ, ಇಲ್ಲಿ ಹಕ್ಕು ಯಾರದು ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಶಿಕ್ಷಣ ಪಡೆಯುವ ಹಕ್ಕು ಮಗುವಿನದು. ತಂದೆತಾಯಿಯರಿಗೂ ಸರ್ಕಾರಕ್ಕೂ ಇರುವುದು ಆ ಹಕ್ಕನ್ನು ನೆರವೇರಿಸಿಕೊಡುವ ಹೊಣೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೆಯ ವಿಧಿಯು ತನ್ನ ಮೊದಲ ಭಾಗದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿರಬೇಕು ಎನ್ನುತ್ತದೆ. ಅದೇ ವಿಧಿಯ ಮೂರನೆಯ ಭಾಗವು ಮಕ್ಕಳಿಗೆ ಎಂತಹ ಶಿಕ್ಷಣ ಕೊಡಬೇಕೆಂಬುದನ್ನು ಆಯ್ದುಕೊಳ್ಳುವ ಮೊದಲ ಹಕ್ಕು ತಂದೆತಾಯಿಯರದು ಎನ್ನುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಪ್ರಭುತ್ವವು ಶಾಲೆಗಳನ್ನು ಮಕ್ಕಳ ಮನಸ್ಸನ್ನು ತಿರುಚುವ ಸಾಧನವಾಗಿ ಮಾಡಿಕೊಂಡದ್ದನ್ನು ಕಣ್ಣಾರೆ ಕಂಡಿದ್ದ ತಲೆಮಾರು ಈ ಘೋಷಣೆಯನ್ನು ಬರೆಯಿತು. ಆದುದರಿಂದಲೇ ಎರಡೂ ಮಾತುಗಳು ಅಲ್ಲಿ ಜೊತೆಯಾಗಿವೆ. ಸರ್ಕಾರವೊಂದೇ ಮಗುವಿನ ಒಡೆಯನಾಗಬಾರದು, ಮನೆಯೊಂದೇ ಮಗುವಿನ ಗಡಿಯೂ ಆಗಬಾರದು.

ಮನೆಶಿಕ್ಷಣಕ್ಕೆ ಹೆಚ್ಚಿನ ಮನ್ನಣೆ ಕೊಟ್ಟಿರುವ ಕಾನೂನುಗಳಲ್ಲಿಯೂ ಈ ಜೋಡಿ ಕಾಣುತ್ತದೆ. ಐರ್ಲೆಂಡಿನ ಸಂವಿಧಾನದ 42ನೆಯ ವಿಧಿಯು ಕುಟುಂಬವೇ ಮಗುವಿನ ಮೊದಲ ಮತ್ತು ಸಹಜ ಶಿಕ್ಷಕ ಎಂದು ಒಪ್ಪಿಕೊಳ್ಳುತ್ತಲೇ, ಪ್ರತಿಯೊಂದು ಮಗುವಿಗೂ ನೈತಿಕ, ಬೌದ್ಧಿಕ ಹಾಗೂ ಸಾಮಾಜಿಕವಾದ ಒಂದು ಕನಿಷ್ಠ ಶಿಕ್ಷಣ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಡೆನ್ಮಾರ್ಕಿನ ಸಂವಿಧಾನವು ಸರ್ಕಾರಿ ಶಾಲೆಯ ಬೋಧನೆಗೆ ಸರಿದೂಗುವಂತೆ ತಾವೇ ಏರ್ಪಾಟು ಮಾಡಿಕೊಂಡ ತಂದೆತಾಯಿಯರ ಮೇಲೆ ಶಾಲೆಗೆ ಕಳುಹಿಸುವ ಕಟ್ಟುಪಾಡು ಹೇರುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1925ರಲ್ಲಿ, ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಆರಿಗನ್ ರಾಜ್ಯದ ಕಾನೂನನ್ನು ರದ್ದುಪಡಿಸಿ, ಮಗುವು ಪ್ರಭುತ್ವದ ಸೃಷ್ಟಿಯಲ್ಲ ಎಂದಿತು. ಮನೆಶಿಕ್ಷಣದ ಪರವಾಗಿ ಮಾತನಾಡುವವರು ಈ ಮಾತನ್ನು ಬಹಳ ಉದ್ಧರಿಸುತ್ತಾರೆ. ಆದರೆ ಅದೇ ತೀರ್ಪು ಶಾಲೆಗಳನ್ನು ನ್ಯಾಯೋಚಿತವಾಗಿ ನಿಯಂತ್ರಿಸುವ, ಪರಿಶೀಲಿಸುವ, ಮಕ್ಕಳಿಗೆ ಯೋಗ್ಯ ಶಿಕ್ಷಣ ಕಡ್ಡಾಯಗೊಳಿಸುವ ಸರ್ಕಾರದ ಅಧಿಕಾರವನ್ನು ಪ್ರಶ್ನಿಸಲಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು.

ನಿಮ್ಮ ಮನೆಯ ಮೇಲೆ ಅನುಮಾನಪಟ್ಟು ನಾನು ಇದನ್ನು ಹೇಳುತ್ತಿಲ್ಲ. ಮನೆಯಲ್ಲಿ ಕಲಿಸುವ ತಂದೆತಾಯಿಯರಲ್ಲಿ ಬಹಳ ಮಂದಿ ಶ್ರದ್ಧೆಯಿಂದ, ತಮ್ಮ ದುಡಿಮೆಯನ್ನೂ ಬಿಡುವನ್ನೂ ಬಿಟ್ಟುಕೊಟ್ಟು ಕಲಿಸುತ್ತಾರೆ. ಆದರೆ ನಿಯಮವನ್ನು ಬರೆಯುವವರು ಶ್ರದ್ಧೆಯಿಲ್ಲದ ಮನೆಯಲ್ಲಿರುವ ಮಗುವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕಾಗುತ್ತದೆ. ಆ ಮಗುವಿಗೆ ದೂರು ಕೊಡಲು ಬಾರದು, ತನಗೆ ಏನು ತಪ್ಪಿಹೋಗುತ್ತಿದೆ ಎಂಬುದೂ ತಿಳಿಯದು. ಶಾಲೆಗೆ ಹೋಗುವ ಮಗುವನ್ನು ಮನೆಯವರಲ್ಲದ ನಾಲ್ಕಾರು ಹಿರಿಯರು ದಿನವೂ ನೋಡುತ್ತಿರುತ್ತಾರೆ. ಮನೆಯಲ್ಲಿಯೇ ಇರುವ ಮಗುವನ್ನು ವರ್ಷಕ್ಕೊಮ್ಮೆಯಾದರೂ ನೋಡುವವರು ಇರಬೇಕೆಂದು ಬಯಸುವುದು ಅತಿಯಾಗಲಾರದು.

ಪ್ರಶ್ನೆ: ಜರ್ಮನಿಯಲ್ಲಿ ಮನೆಶಿಕ್ಷಣಕ್ಕೆ ಅವಕಾಶವೇ ಇಲ್ಲವೆಂದೂ, ಅಮೆರಿಕದ ಕೆಲವು ರಾಜ್ಯಗಳಲ್ಲಿ ಯಾರಿಗೂ ತಿಳಿಸಬೇಕಾಗಿಯೇ ಇಲ್ಲವೆಂದೂ ಕೇಳಿದ್ದೇನೆ. ಒಂದೇ ವಿಷಯದಲ್ಲಿ ಇಷ್ಟೊಂದು ಅಂತರ ಏಕೆ? ಇವುಗಳಲ್ಲಿ ಯಾವುದು ಸರಿ?

ಉತ್ತರ: ನೀವು ಕೇಳಿರುವುದು ನಿಜ. ಜರ್ಮನಿಯಲ್ಲಿ ಕಡ್ಡಾಯವಾಗಿರುವುದು ಶಾಲೆಯ ಹಾಜರಿ; ಕಾಯಿಲೆಯಂತಹ ಕೆಲವೇ ಕಾರಣಗಳಿಗೆ ವಿನಾಯಿತಿಯುಂಟು. ಇದನ್ನು ನಾಜಿ ಕಾಲದ ಕಾನೂನು ಎಂದು ತಳ್ಳಿಹಾಕುವವರಿದ್ದಾರೆ. 1938ರ ಕಾನೂನು ಅದನ್ನು ಬಿಗಿಗೊಳಿಸಿದ್ದು ಹೌದಾದರೂ ನಾಜಿಗಳಿಗಿಂತ ಮುಂಚಿನ ಜರ್ಮನಿಯ 1919ರ ವೈಮರ್ ಸಂವಿಧಾನದಲ್ಲಿಯೇ ಎಲ್ಲರಿಗೂ ಶಾಲೆ ಕಡ್ಡಾಯವೆಂದು ಬರೆದಿತ್ತು. ಭಿನ್ನ ನಂಬಿಕೆಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ಬೆಳೆಯದಿದ್ದರೆ ಸಮಾಜದೊಳಗೆ ಒಂದಕ್ಕೊಂದು ಬೆನ್ನುಹಾಕಿದ ಸಮಾಜಗಳು ಹುಟ್ಟಿಕೊಳ್ಳುತ್ತವೆ ಎಂಬುದು ಅಲ್ಲಿನ ನ್ಯಾಯಾಲಯಗಳ ವಾದ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2006ರಲ್ಲಿ ಈ ವಾದವನ್ನು ಮಾನ್ಯ ಮಾಡಿತು. 2019ರಲ್ಲಿ, ಮಕ್ಕಳನ್ನು ಶಾಲೆಗೆ ಕಳುಹಿಸಲು ಒಪ್ಪದ ಕುಟುಂಬವೊಂದರಿಂದ ಅಧಿಕಾರಿಗಳು ಮಕ್ಕಳನ್ನು ಮೂರು ವಾರ ಬೇರ್ಪಡಿಸಿದ್ದ ಪ್ರಕರಣದಲ್ಲಿಯೂ ಅದು ಹಕ್ಕಿನ ಉಲ್ಲಂಘನೆಯಾಗಿಲ್ಲ ಎಂದಿತು. ಸ್ವೀಡನ್ ತನ್ನ 2010ರ ಶಿಕ್ಷಣ ಕಾಯಿದೆಯ ಮೂಲಕ, ತೀರಾ ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ ಮನೆಶಿಕ್ಷಣಕ್ಕೆ ಬಾಗಿಲು ಮುಚ್ಚಿತು. ಫ್ರಾನ್ಸಿನಲ್ಲಿ 1882ರಿಂದಲೂ ಕಡ್ಡಾಯವಾಗಿದ್ದುದು ಶಿಕ್ಷಣವೇ ಹೊರತು ಶಾಲೆಯಲ್ಲ. ತಂದೆತಾಯಿಯರು ತಿಳಿಸಿದರೆ ಸಾಕಾಗಿತ್ತು. 2021ರ ಆಗಸ್ಟಿನ ಕಾನೂನು ಅದನ್ನು ಬದಲಿಸಿ, 2022ರ ಶಾಲಾ ವರ್ಷದಿಂದ ಮುಂಚಿತ ಅನುಮತಿಯನ್ನು ಕಡ್ಡಾಯಗೊಳಿಸಿತು. ಮಗುವಿನ ಆರೋಗ್ಯ ಅಥವಾ ಅಂಗವೈಕಲ್ಯ, ಕ್ರೀಡೆ ಅಥವಾ ಕಲೆಯ ತೀವ್ರ ಅಭ್ಯಾಸ, ಕುಟುಂಬದ ಅಲೆದಾಟ ಅಥವಾ ಶಾಲೆಯ ದೂರ, ಇಲ್ಲವೆ ಮಗುವಿನ ವಿಶೇಷ ಪರಿಸ್ಥಿತಿ, ಈ ನಾಲ್ಕರಲ್ಲಿ ಒಂದನ್ನು ತೋರಿಸಿದರೆ ಮಾತ್ರ ಅನುಮತಿ ದೊರೆಯುತ್ತದೆ.

ಇನ್ನೊಂದು ತುದಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯವಿದೆ. ಅಲ್ಲಿ ಮನೆಶಿಕ್ಷಣವನ್ನು ಖಾಸಗಿ ಶಾಲೆಯೆಂದೇ ಪರಿಗಣಿಸುತ್ತಾರೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಇವುಗಳನ್ನು ಪ್ರಾಮಾಣಿಕವಾಗಿ ಕಲಿಸಬೇಕೆಂಬುದಷ್ಟೇ ಷರತ್ತು. ವಾರ್ಷಿಕ ವರದಿಯಿಲ್ಲ, ಪರೀಕ್ಷೆಯೂ ಇಲ್ಲ. ಅದೇ ದೇಶದ ನ್ಯೂಯಾರ್ಕ್ ರಾಜ್ಯದಲ್ಲಿ ವರ್ಷದ ಆರಂಭದಲ್ಲಿ ತಿಳಿವಳಿಕೆ ಪತ್ರ, ಮಗುವಿಗೆಂದೇ ಬರೆದ ಬೋಧನಾ ಯೋಜನೆ, ಮೂರು ತಿಂಗಳಿಗೊಂದು ವರದಿ, ವರ್ಷದ ಕೊನೆಗೆ ಮೌಲ್ಯಮಾಪನ ಇವೆಲ್ಲವೂ ಬೇಕು. ಅಂತರ ದೇಶದೇಶಗಳ ನಡುವೆ ಮಾತ್ರವಲ್ಲ, ಒಂದೇ ದೇಶದೊಳಗೂ ಇದೆ.

ಪೂರ್ತಿ ನಿಷೇಧವನ್ನು ನಾನು ಒಪ್ಪಲಾರೆ. ಮಕ್ಕಳು ಬೆರೆತು ಬೆಳೆಯಬೇಕೆಂಬ ಆಶಯ ದೊಡ್ಡದು. ಆದರೆ ಶಾಲೆಯ ಗದ್ದಲವನ್ನು ತಾಳಲಾರದ, ಅಲ್ಲಿ ಹಿಂಸೆ ಅನುಭವಿಸಿದ, ಅಥವಾ ತನ್ನದೇ ವೇಗದಲ್ಲಿ ಮಾತ್ರ ಕಲಿಯಬಲ್ಲ ಮಗುವನ್ನು ಆ ಆಶಯಕ್ಕಾಗಿ ಬಲಿಕೊಡುವುದು ಸರಿಯಲ್ಲ. ಏನನ್ನೂ ಕೇಳದಿರುವ ವ್ಯವಸ್ಥೆಯನ್ನೂ ಒಪ್ಪಲಾರೆ, ಏಕೆಂದರೆ ಮಗು ಇದೆಯೆಂಬುದೇ ತಿಳಿಯದ ಸರ್ಕಾರವು ಅದಕ್ಕೆ ನೆರವಾಗುವುದಾದರೂ ಹೇಗೆ? ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ ಶಾಲಾ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಮನೆಶಿಕ್ಷಣ ನಡೆಸುವವು 2020ರ ವಸಂತದಲ್ಲಿ ಶೇ. 5.4 ಇದ್ದದ್ದು ಅದೇ ವರ್ಷದ ಶರತ್ಕಾಲದ ಹೊತ್ತಿಗೆ ಶೇ. 11.1ಕ್ಕೆ ಏರಿತು. ಸಾಂಕ್ರಾಮಿಕದ ಕಾಲದ ಏರಿಕೆಯೇನೋ ಹೌದು. ಆದರೂ ಇಷ್ಟು ಮಕ್ಕಳ ವಿಷಯದಲ್ಲಿ ಕಣ್ಣುಮುಚ್ಚಿ ಕೂರುವುದು ನೀತಿಯೆನಿಸಿಕೊಳ್ಳದು.

ಪ್ರಶ್ನೆ: ಭಾರತದಲ್ಲಿ ಹೋಂಸ್ಕೂಲಿಂಗ್ ಕಾನೂನುಬದ್ಧವೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಕಾನೂನಿನಲ್ಲಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಆದರೆ ಆ ಕರ್ತವ್ಯವನ್ನು ಮಾಡದ ತಂದೆತಾಯಿಯರಿಗೆ ಕಾಯಿದೆಯು ಯಾವ ದಂಡನೆಯನ್ನೂ ಗೊತ್ತುಪಡಿಸಿಲ್ಲ. ಕಾಯಿದೆಯಲ್ಲಿ ಕಡ್ಡಾಯ ಎಂಬುದರ ಭಾರವನ್ನು ಮುಖ್ಯವಾಗಿ ಹೊತ್ತಿರುವುದು ಸರ್ಕಾರವೇ. ಹೀಗಾಗಿ ಸ್ವ ಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಸ್ಪಷ್ಟವಾದ ಅನುಮತಿಯೂ ಇಲ್ಲ, ದಂಡನೆಯೂ ಇಲ್ಲ, ನೋಂದಾಯಿಸಿಕೊಳ್ಳಲು ಒಂದು ಕಚೇರಿಯೂ ಇಲ್ಲ. ಶಾಲೆಗೆ ಮರಳಬಯಸುವ ಮಗುವಿಗೆ ಮಾತ್ರ 4ನೆಯ ಪ್ರಕರಣ ನೆರವಾಗುತ್ತದೆ: ಎಂದೂ ಶಾಲೆಗೆ ಸೇರದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರನ್ನು ಸರಿಗಟ್ಟಲು ವಿಶೇಷ ತರಬೇತಿ ಕೊಡಬೇಕು. ಪ್ರಮಾಣಪತ್ರದ ದಾರಿಯೆಂದರೆ 1989ರಲ್ಲಿ ಆರಂಭವಾದ, ಈಗ ಎನ್‌ಐಒಎಸ್ ಎಂದು ಕರೆಯಲಾಗುವ ರಾಷ್ಟ್ರೀಯ ಮುಕ್ತ ಶಾಲೆ. 14 ವರ್ಷ ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕೂರಬಹುದು.

ಈ ಮಬ್ಬು ಸ್ಥಿತಿಯನ್ನು ಸ್ವಾತಂತ್ರ್ಯವೆಂದು ಭಾವಿಸುವ ತಂದೆತಾಯಿಯರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಯಾರೂ ಕೇಳುವುದಿಲ್ಲವೆಂದರೆ ಯಾರೂ ನೆರವಾಗುವುದಿಲ್ಲವೆಂದೂ ಆಯಿತು. ನಾಳೆ ಯಾವುದಾದರೊಂದು ಕಚೇರಿ ತಕರಾರು ತೆಗೆದರೆ ತೋರಿಸಲು ಆ ಕುಟುಂಬದ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಪ್ರಶ್ನೆ: ನಾನು ಶಾಲಾ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಮನೆಯಲ್ಲಿ ಕಲಿಯುವ ಮಗುವಿನ ಕಲಿಕೆಯನ್ನು ಪರಿಶೀಲಿಸಬೇಕೆಂದು ಒಪ್ಪೋಣ. ಆದರೆ ಅಲ್ಲಿಗೆ ಹೋದ ಅಧಿಕಾರಿ ನೋಡಬೇಕಾದ್ದು ಏನನ್ನು? ಅಲ್ಲಿ ತರಗತಿಯಿಲ್ಲ, ವೇಳಾಪಟ್ಟಿಯಿಲ್ಲ, ಎಷ್ಟೋ ಕಡೆ ಪಠ್ಯಪುಸ್ತಕವೂ ಇಲ್ಲ.

ಉತ್ತರ: ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ನಿಮ್ಮದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು, ಏಕೆಂದರೆ ನಿಯಂತ್ರಣದ ಒಳಿತು ಕೆಡಕುಗಳು ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಈ ಭೇಟಿಯಲ್ಲಿಯೇ ತೀರ್ಮಾನವಾಗುತ್ತವೆ.

ಮೊದಲನೆಯದಾಗಿ, ಶಾಲೆಯ ಅಳತೆಗೋಲನ್ನು ಅಧಿಕಾರಿಯು ಕಚೇರಿಯಲ್ಲಿಯೇ ಬಿಟ್ಟು ಹೋಗಬೇಕು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆಯ 7ನೆಯ ಪ್ರಕರಣವು ಮಗುವಿನ ವಯಸ್ಸಿಗೆ, ಸಾಮರ್ಥ್ಯಕ್ಕೆ, ಒಲವಿಗೆ ಮತ್ತು ವಿಶೇಷ ಅಗತ್ಯಗಳಿದ್ದರೆ ಅವುಗಳಿಗೆ ಹೊಂದುವಂತಹ ಪರಿಣಾಮಕಾರಿ ಪೂರ್ಣಕಾಲಿಕ ಶಿಕ್ಷಣವನ್ನು ಶಾಲೆಯ ಹಾಜರಿಯಿಂದಾಗಲಿ ಬೇರೆ ರೀತಿಯಿಂದಾಗಲಿ ಒದಗಿಸುವುದು ತಂದೆತಾಯಿಯರ ಕರ್ತವ್ಯ ಎನ್ನುತ್ತದೆ. ನ್ಯೂಜಿಲೆಂಡಿನಲ್ಲಿ ಶಾಲೆಯ ಹಾಜರಿಯಿಂದ ವಿನಾಯಿತಿ ಪತ್ರ ಪಡೆಯಬೇಕಾದರೆ, ನೋಂದಾಯಿತ ಶಾಲೆಯಲ್ಲಿ ಕಲಿಸುವಷ್ಟೇ ಕ್ರಮವಾಗಿ, ಅಷ್ಟೇ ಚೆನ್ನಾಗಿ ಮಗುವಿಗೆ ಕಲಿಸಲಾಗುವುದೆಂದು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು. ಈ ಎರಡರಲ್ಲಿ ಇಂಗ್ಲೆಂಡಿನ ಮಾತು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದು ಶಾಲೆಯನ್ನು ಮಾದರಿಯಾಗಿಟ್ಟುಕೊಳ್ಳದೆ ಆ ಮಗುವನ್ನೇ ಮಾದರಿಯಾಗಿಟ್ಟುಕೊಳ್ಳುತ್ತದೆ.

ಹಾಗಾದರೆ ನೋಡಬೇಕಾದ್ದು ಮಗುವಿನ ಕಲಿಕೆಯ ಗುರುತುಗಳನ್ನು. ಹೋದ ವರ್ಷ ಬರೆದ ಪುಟವನ್ನೂ ಈ ವರ್ಷ ಬರೆದ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟರೆ ಅನುಭವಿ ಶಿಕ್ಷಕರಿಗೆ ಬಹಳಷ್ಟು ತಿಳಿಯುತ್ತದೆ. ಮಗು ತನಗೆ ಇಷ್ಟವಾದ ಪುಸ್ತಕದಿಂದ ಒಂದೆರಡು ಪುಟ ಓದಲಿ, ತಾನು ಮಾಡಿದ ಒಂದು ಕೆಲಸವನ್ನು ವಿವರಿಸಲಿ, ಒಂದು ಲೆಕ್ಕವನ್ನು ಹೇಗೆ ಬಿಡಿಸಿತೆಂದು ಹೇಳಲಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ತಂದೆತಾಯಿಯರು ವರ್ಷವಿಡೀ ಮಗುವಿನ ಕೆಲಸದ ಮಾದರಿಗಳನ್ನೂ ಓದಿದ ಪುಸ್ತಕಗಳ ವಿವರವನ್ನೂ ಒಂದು ಕಡತದಲ್ಲಿ ಕೂಡಿಟ್ಟು, ಅರ್ಹತೆಯುಳ್ಳ ಮೌಲ್ಯಮಾಪಕರೊಬ್ಬರಿಗೆ ತೋರಿಸುತ್ತಾರೆ; ಅವರು ಮಗುವಿನೊಡನೆ ಮಾತನಾಡಿ, ಯೋಗ್ಯ ಶಿಕ್ಷಣ ನಡೆದಿದೆಯೇ ಎಂದು ಬರೆದುಕೊಡುತ್ತಾರೆ. ಮೌಲ್ಯಮಾಪಕರನ್ನು ಕುಟುಂಬವೇ ಆಯ್ದುಕೊಳ್ಳಬಹುದಾದ್ದರಿಂದ ಭೇಟಿಯಲ್ಲಿ ಭಯ ಕಡಿಮೆ. ಒಡನಾಟದ ದಾಕ್ಷಿಣ್ಯಕ್ಕೆ ಸಹಿ ಹಾಕುವವರೂ ಇರಬಹುದೆಂಬ ಆತಂಕ ನಿಮ್ಮಂತಹವರಿಗೆ ಬರಬಹುದು. ಅಧಿಕೃತ ಪಟ್ಟಿಯೊಂದನ್ನು ಮಾಡಿ ಅದರೊಳಗಿನಿಂದ ಆಯ್ದುಕೊಳ್ಳಲು ಹೇಳಿದರೆ ಅದು ಬಹುಮಟ್ಟಿಗೆ ಬಗೆಹರಿಯುತ್ತದೆ.

ಒಂದೇ ಪರೀಕ್ಷೆಯಿಂದ ಎಲ್ಲವನ್ನೂ ತೀರ್ಮಾನಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆಸ್ಟ್ರಿಯಾದಲ್ಲಿ ಪ್ರತಿ ಶಾಲಾ ವರ್ಷದ ಕೊನೆಗೆ ಹೊರಗಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗು ಶಾಲೆಗೆ ಹೋಗಬೇಕಾಗುತ್ತದೆ. ಸಿಂಗಪುರದಲ್ಲಿ ವಿನಾಯಿತಿ ಪಡೆದ ಮಗು ಪ್ರಾಥಮಿಕ ಹಂತದ ಕೊನೆಯ ಪರೀಕ್ಷೆಗೆ ಕುಳಿತು, ಅದೇ ವರ್ಷ ಪರೀಕ್ಷೆ ಬರೆದ ಶಾಲಾ ಮಕ್ಕಳ ಪಟ್ಟಿಯಲ್ಲಿ ಕೆಳಗಿನಿಂದ ಶೇ. 33ರ ಮಟ್ಟವನ್ನು ಮುಟ್ಟಬೇಕು. ಅಂದರೆ ಆ ಗೆರೆಯ ಕೆಳಗೆ ಶಾಲೆಗಳಲ್ಲಿ ಕಲಿತವರಲ್ಲಿಯೇ ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳಿರುತ್ತಾರೆ; ಆ ಕಾರಣಕ್ಕೆ ಯಾವ ಶಾಲೆಯನ್ನೂ ಮುಚ್ಚುವುದಿಲ್ಲ. ಮನೆಯಲ್ಲಿ ಕಲಿತ ಮಗುವಿಗೆ ಮಾತ್ರ ಬೇರೆಯ ತಕ್ಕಡಿಯನ್ನು ಹಿಡಿಯುವುದು ನ್ಯಾಯವಲ್ಲ. ಓದನ್ನು ತಡವಾಗಿ ಹಿಡಿದು ಆಮೇಲೆ ವೇಗವಾಗಿ ಮುಂದೆ ಹೋಗುವ ಮಕ್ಕಳನ್ನು ನೀವೂ ಕಂಡಿರುತ್ತೀರಿ.

ಕ್ರಮದ ವಿಷಯದಲ್ಲಿ ಕೆಲವು ಮಾತುಗಳು. ಭೇಟಿಗೆ ಮುಂಚಿತ ತಿಳಿವಳಿಕೆ ಕೊಡಬೇಕು. ಮನೆಯೊಳಗೆ ಬರುವುದು ಕುಟುಂಬಕ್ಕೆ ಮುಜುಗರವಾದರೆ ಗ್ರಂಥಾಲಯದಲ್ಲಿಯೋ ಹತ್ತಿರದ ಶಾಲೆಯಲ್ಲಿಯೋ ಭೇಟಿಯಾಗಬಹುದು. ವರದಿಯ ಪ್ರತಿಯನ್ನು ಅವರಿಗೆ ಕೊಡಬೇಕು, ಉತ್ತರಿಸಲು ಅವಕಾಶವಿರಬೇಕು. ಇಂಗ್ಲೆಂಡಿನಲ್ಲಿ ಯೋಗ್ಯ ಶಿಕ್ಷಣ ಸಿಗುತ್ತಿಲ್ಲವೆಂದು ಸ್ಥಳೀಯ ಆಡಳಿತಕ್ಕೆ ತೋರಿದರೆ, ಶಾಲೆಗೆ ಕಳುಹಿಸಿರೆಂಬ ಆದೇಶಕ್ಕೆ ಮೊದಲು ಕನಿಷ್ಠ 15 ದಿನಗಳ ಗಡುವಿನ ನೋಟಿಸು ಕೊಡಬೇಕು. ತಿದ್ದಿಕೊಳ್ಳಲು ಇದಕ್ಕಿಂತ ಹೆಚ್ಚು ಕಾಲ ಕೊಡುವುದೇ ಮೇಲೆಂದು ನನ್ನ ಅಭಿಪ್ರಾಯ. ಮತ್ತೊಂದು ಮಾತನ್ನು ಮೃದುಗೊಳಿಸದೆ ಹೇಳಬೇಕು. ಮಗುವಿನ ಸುರಕ್ಷತೆಯ ಬಗ್ಗೆ ಈಗಾಗಲೇ ಅಧಿಕೃತ ವಿಚಾರಣೆ ನಡೆಯುತ್ತಿರುವ ಮನೆಯವರು ಅದರ ನಡುವೆಯೇ ಮಗುವನ್ನು ಶಾಲೆಯಿಂದ ಬಿಡಿಸಲು ಮುಂದಾದರೆ, ಅದಕ್ಕೆ ಅಧಿಕಾರಿಗಳ ಒಪ್ಪಿಗೆ ಬೇಕೆಂಬ ನಿಯಮ ಎಲ್ಲ ಕಡೆಯೂ ಇರಬೇಕು. 2024ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆಯು ಶಾಲೆಯಲ್ಲಿಲ್ಲದ ಮಕ್ಕಳ ನೋಂದಣಿ ಪುಸ್ತಕದ ಜೊತೆಗೆ ಈ ನಿಯಮವನ್ನೂ ಸೇರಿಸಿತ್ತು.

ಪ್ರಶ್ನೆ: ನಾವೂ ತೆರಿಗೆ ಕಟ್ಟುತ್ತೇವೆ. ಸರ್ಕಾರವು ಶಾಲೆಯಲ್ಲಿ ಒಂದು ಮಗುವಿಗೆ ಖರ್ಚು ಮಾಡುವ ಹಣವನ್ನು ಮನೆಯಲ್ಲಿ ಕಲಿಸುವ ನಮಗೇ ಕೊಟ್ಟುಬಿಡಬಹುದಲ್ಲ?

ಉತ್ತರ: ತೆರಿಗೆಯ ವಾದ ಗಟ್ಟಿಯಾದುದಲ್ಲ. ಮಕ್ಕಳಿಲ್ಲದವರೂ ತೆರಿಗೆ ಕಟ್ಟುತ್ತಾರೆ. ಅದು ಶಾಲೆಯ ಶುಲ್ಕವಲ್ಲ. ಆದರೆ ನಿಮ್ಮ ಬೇಡಿಕೆಗೆ ಅದಕ್ಕಿಂತ ಬಲವಾದ ಆಧಾರವಿದೆ. ಶಿಕ್ಷಣದ ಹಕ್ಕು ಮಗುವಿನದೆಂದು ಮೇಲೆ ಹೇಳಿದೆ. ಮಗು ಎಲ್ಲಿ ಕುಳಿತು ಕಲಿಯುತ್ತದೆ ಎಂಬುದರಿಂದ ಆ ಹಕ್ಕು ಅಳಿಸಿಹೋಗುವುದಿಲ್ಲವಾದರೆ, ಸರ್ಕಾರದ ಹೊಣೆಯೂ ಪೂರ್ತಿ ಅಳಿಸಿಹೋಗಬಾರದು. ದುಃಖದ ಸಂಗತಿಯೆಂದರೆ, ಎಷ್ಟೋ ಸರ್ಕಾರಗಳು ಮನೆಶಿಕ್ಷಣದ ಕುಟುಂಬಗಳನ್ನು ವರದಿ ಕೇಳುವಾಗ ಮಾತ್ರ ನೆನೆಯುತ್ತವೆ. ಇಂಗ್ಲೆಂಡಿನಲ್ಲಿ ಮನೆಶಿಕ್ಷಣದ ಖರ್ಚೆಲ್ಲ, ಪರೀಕ್ಷಾ ಶುಲ್ಕವೂ ಸೇರಿದಂತೆ, ತಂದೆತಾಯಿಯರದು. ಶಾಲಾ ಶಿಕ್ಷಣಕ್ಕೆ ಹೆಸರಾದ ಫಿನ್ಲೆಂಡಿನಲ್ಲಿಯೂ ಮನೆಯಲ್ಲಿ ಕಲಿಯುವ ಮಗುವಿಗೆ ಉಳಿದವರಿಗೆ ಸಿಗುವ ಉಚಿತ ಪಠ್ಯಪುಸ್ತಕ ಮತ್ತು ಶಾಲಾ ಊಟದ ಹಕ್ಕಿಲ್ಲ. ಕಲಿಕೆಯ ಪ್ರಗತಿಯನ್ನು ಪರಿಶೀಲಿಸುವ ಹೊಣೆಯನ್ನು ಮಾತ್ರ ಸ್ಥಳೀಯ ಆಡಳಿತ ಹೊತ್ತಿದೆ.

ಹಣ ಕೊಡುವ ಕಡೆಗಳಲ್ಲಿ ಅದರ ಜೊತೆಗೆ ಲೆಕ್ಕವೂ ಬರುತ್ತದೆ. ನ್ಯೂಜಿಲೆಂಡ್ ವರ್ಷಕ್ಕೆ ಎರಡು ಬಾರಿ ಒಂದು ಸಾಧಾರಣ ಭತ್ಯೆ ಕೊಡುತ್ತದೆ. ವಿನಾಯಿತಿ ಪತ್ರದಲ್ಲಿ ಹೇಳಿದಂತೆ ಕಲಿಸುತ್ತಿದ್ದೇವೆಂದು ತಂದೆತಾಯಿಯರು ಪ್ರತಿಸಲವೂ ಪ್ರಮಾಣೀಕರಿಸಬೇಕು. ಕೆನಡಾದ ಆಲ್ಬರ್ಟಾ ಪ್ರಾಂತದ ವ್ಯವಸ್ಥೆಯನ್ನು ನಾನು ಗಮನವಿಟ್ಟು ಓದಿದ್ದೇನೆ. ಅಲ್ಲಿ ಕುಟುಂಬವು ಒಂದು ಶಾಲಾ ಮಂಡಳಿಯ ಮೇಲ್ವಿಚಾರಣೆಯನ್ನು ಒಪ್ಪಿಕೊಂಡರೆ ಕಲಿಕೆಯ ಖರ್ಚಿನ ಒಂದು ಭಾಗವನ್ನು ಮರಳಿ ಪಡೆಯಬಹುದು. 2020ರಿಂದೀಚೆಗೆ, ಮೇಲ್ವಿಚಾರಣೆ ಬೇಡವೆನ್ನುವವರು ಕೇವಲ ತಿಳಿವಳಿಕೆ ಕೊಟ್ಟು ಹಣವಿಲ್ಲದೆ ನಡೆಸಬಹುದು. ಆಯ್ಕೆ ಕುಟುಂಬದ್ದು, ಷರತ್ತು ಮುಚ್ಚುಮರೆಯಿಲ್ಲದ್ದು. ಅಮೆರಿಕದ ಅರಿಜೋನಾ ರಾಜ್ಯ 2022ರಲ್ಲಿ ಎಲ್ಲ ಮಕ್ಕಳಿಗೂ ತೆರೆದ, ಕಲಿಕೆಯ ಖರ್ಚಿಗೆ ರಾಜ್ಯವೇ ಹಣ ತುಂಬುವ ಶಿಕ್ಷಣ ಖಾತೆಗಳಿಂದ ಮನೆಯಲ್ಲಿಯೂ ಕಲಿಸಬಹುದು. ಆದರೆ ಖಾತೆ ಪಡೆದವರು ಆ ರಾಜ್ಯದ ಕಾನೂನಿನ ಕಣ್ಣಿನಲ್ಲಿ ಹೋಂಸ್ಕೂಲಿಂಗ್ ಕುಟುಂಬಗಳಾಗಿ ಉಳಿಯುವುದಿಲ್ಲ. ಹಣದ ಹಿಂದೆಯೇ ನಿಬಂಧನೆ ಬರುತ್ತದೆಂದು ಅಂಜಿ ದೂರ ಉಳಿಯುವ ಕುಟುಂಬಗಳೂ ಅಲ್ಲಿವೆ. ಆ ಅಂಜಿಕೆಗೆ ಕಾರಣವಿದೆಯೆಂದು ಒಪ್ಪುತ್ತೇನೆ. ಆದರೆ ಸಾರ್ವಜನಿಕರ ಹಣವನ್ನು ಪಡೆದು ಉತ್ತರ ಹೇಳಲಾರೆವೆನ್ನುವುದು ಸಲ್ಲದು.

ನಗದಿನ ವಿಷಯದಲ್ಲಿ ನನಗೆ ಇನ್ನೊಂದು ಹಿಂಜರಿಕೆಯಿದೆ. ಮನೆಯಲ್ಲಿ ಕಲಿಸಬೇಕಾದರೆ ಒಬ್ಬರು ದುಡಿಮೆ ಬಿಟ್ಟು, ಅಥವಾ ಕಡಿಮೆ ಮಾಡಿಕೊಂಡು, ಮನೆಯಲ್ಲಿರಬೇಕು. ಅದು ಎಲ್ಲರಿಗೂ ಆಗುವ ಮಾತಲ್ಲ. ಹೀಗಿರುವಾಗ ಷರತ್ತಿಲ್ಲದ ನಗದು ಅನುಕೂಲವಿದ್ದವರಿಗೆ ಮತ್ತಷ್ಟು ಅನುಕೂಲವಾಗಬಹುದು. ಕಡುಬಡತನದಲ್ಲಿರುವ ಮನೆಯಲ್ಲಿ ಮಗುವನ್ನು ಶಾಲೆಯಿಂದ ಬಿಡಿಸಿ ದುಡಿಮೆಗೆ ಹಚ್ಚುವ ಆಮಿಷವೂ ಆಗಬಹುದು. ಆದ್ದರಿಂದ ಹಣಕ್ಕಿಂತ ಮೊದಲು ಸೌಲಭ್ಯ ಬರಲಿ. ಪಠ್ಯಪುಸ್ತಕ ಶಾಲೆಯ ಮಕ್ಕಳಿಗೆ ಉಚಿತವಾದರೆ ಇವರಿಗೂ ಉಚಿತವಾಗಲಿ. ಹತ್ತಿರದ ಶಾಲೆಯ ಪ್ರಯೋಗಾಲಯ, ಆಟದ ಮೈದಾನ, ಗ್ರಂಥಾಲಯ ಇವುಗಳನ್ನು ನಿಗದಿತ ಹೊತ್ತಿನಲ್ಲಿ ಬಳಸಲು ಬಿಡಲಿ. ಬೇಕಾದವರು ಒಂದೆರಡು ವಿಷಯಗಳಿಗೆ ಮಾತ್ರ ತರಗತಿಗೆ ಬರಲಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 1996ರಿಂದಲೂ ಮನೆಯಲ್ಲಿ ಕಲಿಯುವ ಮಕ್ಕಳು ಸರ್ಕಾರಿ ಶಾಲೆಯ ಕ್ರೀಡಾ ತಂಡಗಳಲ್ಲಿ ಆಡಬಹುದು. ಇಂತಹ ಏರ್ಪಾಟಿಗೆ ಖರ್ಚು ಹೆಚ್ಚಿಲ್ಲ. ಮಕ್ಕಳು ಬೆರೆತು ಬೆಳೆಯುವುದಿಲ್ಲವೆಂಬ ಆಕ್ಷೇಪಕ್ಕೂ ಅದರಲ್ಲಿ ಒಂದಿಷ್ಟು ಉತ್ತರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನೋಂದಾಯಿಸಿಕೊಂಡದ್ದರಿಂದ ತಮಗೂ ಏನೋ ದೊರೆಯಿತೆಂದು ಕುಟುಂಬಗಳಿಗೆ ಅನ್ನಿಸುತ್ತದೆ. ಕೊಡುವುದೇನೂ ಇಲ್ಲದೆ ಕೇಳುವುದನ್ನು ಮಾತ್ರ ಮಾಡಿದರೆ ಜನರು ಮರೆಯಾಗುತ್ತಾರೆ, ಮತ್ತು ಮೊದಲು ಮರೆಯಾಗುವವರು ನಾವು ನೋಡಲೇಬೇಕಾದವರೇ ಆಗಿರುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ ಆಟಿಸಂ ಇದೆ. ಅವನನ್ನು ಸಂಭಾಳಿಸುವುದು ಕಷ್ಟವೆಂದೂ, ಮನೆಯಲ್ಲಿಯೇ ಕಲಿಸಿದರೆ ಅವನಿಗೇ ಒಳ್ಳೆಯದೆಂದೂ ಶಾಲೆಯವರು ಮತ್ತೆ ಮತ್ತೆ ಹೇಳಿದ್ದರಿಂದ ಬಿಡಿಸಿದೆವು. ಈಗ ನಮ್ಮನ್ನೂ ಹೋಂಸ್ಕೂಲಿಂಗ್ ಕುಟುಂಬವೆಂದು ಕರೆಯುತ್ತಾರೆ. ನಮಗೆ ಸರ್ಕಾರದಿಂದ ಏನು ಸಿಗಬೇಕು?

ಉತ್ತರ: ಅಮ್ಮಾ, ನೀವು ಮನೆಶಿಕ್ಷಣವನ್ನು ಆಯ್ದುಕೊಂಡವರಲ್ಲ, ನಿಮ್ಮನ್ನು ಶಾಲೆಯಿಂದ ಹೊರಗೆ ಸರಿಸಲಾಗಿದೆ. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳುವ ಸರ್ಕಾರ ತನ್ನದೇ ಶಾಲೆಗಳ ಸೋಲನ್ನು ತಂದೆತಾಯಿಯರ ಇಚ್ಛೆಯೆಂಬ ಹೆಸರಿನಲ್ಲಿ ಮುಚ್ಚಿಡುತ್ತದೆ. ಶಾಲೆಯು ವಿಧಿವತ್ತಾಗಿ ಹೊರಹಾಕದೆ, ತನ್ನ ಅನುಕೂಲಕ್ಕಾಗಿ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯುವಂತೆ ಮನೆಯವರನ್ನು ಒಪ್ಪಿಸುವುದು ಬೇರೆ ದೇಶಗಳಲ್ಲಿಯೂ ಇದೆ. ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಇದನ್ನು ಶಾಲೆಯ ಲೋಪವೆಂದೇ ಪರಿಗಣಿಸುತ್ತದೆ. ಮಗುವನ್ನು ಬಿಡಿಸುವ ಪತ್ರ ಬಂದಾಗಲೆಲ್ಲ ಶಾಲೆಗೆ ಸಂಬಂಧವಿಲ್ಲದ ಅಧಿಕಾರಿಯೊಬ್ಬರು ಮನೆಯವರನ್ನು ಕಂಡು, ಇದು ನಿಮ್ಮ ಇಚ್ಛೆಯೇ, ಶಾಲೆ ಏನು ಮಾಡಿದ್ದರೆ ನೀವು ಬಿಡಿಸುತ್ತಿರಲಿಲ್ಲ ಎಂದು ಕೇಳಿ ಬರೆದುಕೊಳ್ಳಬೇಕು ಎಂಬುದು ನನ್ನ ಒತ್ತಾಯ.

ವಿಕಲಚೇತನರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೆಯ ವಿಧಿಯು ಎಲ್ಲರೊಡನೆ ಕಲಿಯುವ ಹಕ್ಕನ್ನೂ ಅದಕ್ಕೆ ಬೇಕಾದ ನೆರವನ್ನೂ ಇಂತಹ ಮಕ್ಕಳಿಗೆ ಕೊಡುತ್ತದೆ. ಭಾರತದಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು ಬಹುವಿಧ ಹಾಗೂ ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ ಮನೆ ಆಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ಕೊಟ್ಟಿದೆ. ಇದು ಮಗುವಿಗೆ ಕೊಟ್ಟ ಹಕ್ಕು, ಶಾಲೆಗೆ ಕೊಟ್ಟ ಅನುಮತಿಯಲ್ಲ. ಆದ್ದರಿಂದ ನೀವು ಎರಡು ದಾರಿಗಳಲ್ಲಿ ಯಾವುದನ್ನಾದರೂ 'ನಮಗೆ ಇದು ಬೇಕು' ಎಂದು ಕೇಳಬಹುದು: ಮಗ ಶಾಲೆಗೆ ಮರಳುವುದಾದರೆ ತರಬೇತಿಯಿರುವ ಶಿಕ್ಷಕರ ನೆರವು, ಮನೆಯಲ್ಲಿ ಕಲಿಯುವುದಾದರೆ ಅಲ್ಲಿಗೇ ಬರುವ ವಿಶೇಷ ಶಿಕ್ಷಕರು ಮತ್ತು ಚಿಕಿತ್ಸೆ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವನ್ನು ಬಿಡಿಸಿದ್ದು ಯಾರ ಸಲಹೆಯ ಮೇರೆಗೆ ಎಂಬುದೂ ಆ ಅರ್ಜಿಯಲ್ಲಿರಲಿ.

ಪ್ರಶ್ನೆ: ಮಗಳು ಪರೀಕ್ಷೆಗೆ ಸಿದ್ಧಳಾಗಿದ್ದಾಳೆ. ಆದರೆ ಖಾಸಗಿ ಅಭ್ಯರ್ಥಿಯನ್ನು ಕೂರಿಸಿಕೊಳ್ಳಲು ಶಾಲೆಗಳು ಒಪ್ಪುತ್ತಿಲ್ಲ. ಏನು ಮಾಡುವುದು?

ಉತ್ತರ: ಶಾಲೆಗಳ ಬಾಗಿಲು ತಟ್ಟುವುದನ್ನು ಬಿಟ್ಟು ಪರೀಕ್ಷಾ ಮಂಡಳಿಗೇ ಬರೆಯಿರಿ, ಮುಕ್ತ ಶಾಲೆಯ ವ್ಯವಸ್ಥೆಯಿದ್ದರೆ ಅದರ ನೋಂದಣಿಯ ಕೊನೆಯ ದಿನವನ್ನು ಇಂದೇ ವಿಚಾರಿಸಿ. ಪ್ರಯೋಗ ಪರೀಕ್ಷೆಯಿರುವ ವಿಷಯಗಳಲ್ಲಿ ತೊಂದರೆ ಹೆಚ್ಚು, ಆದ್ದರಿಂದ ಅವುಗಳ ಏರ್ಪಾಟನ್ನು ಮೊದಲು ಮಾಡಿಕೊಳ್ಳಿ. ಮನೆಶಿಕ್ಷಣಕ್ಕೆ ಅವಕಾಶ ಕೊಟ್ಟ ಮೇಲೆ ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಕೇಂದ್ರವನ್ನು ಇಂತಹ ಅಭ್ಯರ್ಥಿಗಳಿಗೆ ತೆರೆದಿಡುವುದು ಸರ್ಕಾರದ ಕೆಲಸ.

ಪ್ರಶ್ನೆ: ನನಗೆ ಹದಿನೇಳು ವರ್ಷ. ಚಿಕ್ಕಂದಿನಿಂದ ಮನೆಯಲ್ಲಿಯೇ ಕಲಿತೆ. ಅಪ್ಪ ಅಮ್ಮ ಪ್ರೀತಿಯಿಂದಲೇ ಕಲಿಸಿದರು. ಆದರೆ ಶಾಲೆಗೆ ಹೋಗುತ್ತೀಯಾ ಎಂದು ನನ್ನನ್ನು ಯಾರೂ ಒಮ್ಮೆಯೂ ಕೇಳಲಿಲ್ಲ. ಇದನ್ನು ಕೇಳುವವರು ಯಾರು?

ಉತ್ತರ: ಕಾನೂನಿನ ಚರ್ಚೆಗಳಲ್ಲಿ ಬಹಳ ತಡವಾಗಿ ಎದ್ದ ಪ್ರಶ್ನೆಯನ್ನು ನೀವು ಎತ್ತಿದ್ದೀರಿ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆಮಿಶ್ ಎಂಬ ಧಾರ್ಮಿಕ ಸಮುದಾಯದ ಮಕ್ಕಳನ್ನು ಎಂಟನೆಯ ತರಗತಿಯ ನಂತರ ಶಾಲೆಗೆ ಕಳುಹಿಸಬೇಕಾಗಿಲ್ಲವೆಂದು ತೀರ್ಪಿತ್ತಾಗ, ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಅದರಿಂದ ಭಾಗಶಃ ಭಿನ್ನವಾಗಿ ಬರೆದರು. ಮುಂದಿನ ಬದುಕು ಮಗುವಿನದಾದ್ದರಿಂದ ಮಗುವಿನ ಮಾತನ್ನೂ ಕೇಳಬೇಕೆಂಬುದು ಅವರ ನಿಲುವಾಗಿತ್ತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟು, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕೆಂದಿತು. ವಾರ್ಷಿಕ ಮೌಲ್ಯಮಾಪನದಲ್ಲಿ ಮಗುವಿನೊಡನೆ ಪ್ರತ್ಯೇಕವಾಗಿ ಸ್ವಲ್ಪ ಹೊತ್ತು ಮಾತನಾಡಿ, ಹೀಗೆಯೇ ಕಲಿಯಲು ಇಷ್ಟವೇ ಎಂದು ಕೇಳುವುದನ್ನು ನಿಯಮದಲ್ಲಿಯೇ ಬರೆಯಬೇಕು. ಆ ಉತ್ತರ ತಂದೆತಾಯಿಯರ ವಿರುದ್ಧದ ಸಾಕ್ಷ್ಯವಾಗಕೂಡದು. ಮನೆಯಲ್ಲಿ ಮಾತು ಆರಂಭವಾಗಲು ಅದು ದಾರಿಯಾಗಬೇಕು.

ನಿಮ್ಮ ವಿಷಯಕ್ಕೆ ಬಂದರೆ, ಪ್ರೀತಿಯಿಂದ ಕಲಿಸಿದವರು ಪ್ರೀತಿಯಿಂದ ಕೇಳಿಸಿಕೊಳ್ಳುವರೆಂದು ನಂಬಿ ಮೊದಲು ಅಪ್ಪ ಅಮ್ಮನಿಗೇ ಹೇಳಿ. ಕಾಲೇಜಿಗೆ ಸೇರುವ ಮನಸ್ಸಿದ್ದರೆ ಈಗಲೂ ಕಾಲ ಮಿಂಚಿಲ್ಲ. ಇದುವರೆಗೆ ಕಲಿತದ್ದರ ದಾಖಲೆ, ಬರೆದ ಪರೀಕ್ಷೆಗಳ ಪತ್ರ, ವಯಸ್ಸು ಮತ್ತು ಗುರುತಿನ ಕಾಗದಗಳ ಪ್ರತಿಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪ್ರವೇಶಕ್ಕೆ ಯಾವ ಪ್ರಮಾಣಪತ್ರ ಬೇಕೆಂದು ಕಾಲೇಜಿನಿಂದ ಬರಹದಲ್ಲಿ ಕೇಳಿಕೊಳ್ಳಿ. ಅದರಲ್ಲಿ ಒಂದು ಇಲ್ಲವೆಂದಾದರೆ ಮುಕ್ತ ಶಾಲೆಯ ಮುಂದಿನ ಪರೀಕ್ಷೆಗೆ ಹೆಸರು ಬರೆಸಿ.